ಹೊಗೆ ಮುಟ್ಟದ ಜೇನು

ಬಲು ಹಿಂದಿನ ಮಾತು. ಹೊಂಬಂಡೆ ಎಂಬ ರಾಜ್ಯವಿತ್ತು. ದೇವರ ಅಭಿಷೇಕಕ್ಕೆ ಜೇನು ತರುವ ಮನೆತನ ಅಲ್ಲಿ ಒಂದೇ, ಸಿದ್ದವ್ವನದು. ಬಂಡೆಗೆ ಹಗ್ಗ ಬಿಟ್ಟು ಇಳಿಯುವುದನ್ನು ಮಗ ಬೊಮ್ಮಣ್ಣನಿಗೆ ಕಲಿಸಿದವಳೂ ಅವಳೇ. "ಅರ್ಧ ದೇವರಿಗೆ, ಅರ್ಧ ಹುಳುಗಳಿಗೆ. ಇದನ್ನು ಮರೆತವನು ನನ್ನ ಮಗನಲ್ಲ," ಎನ್ನುತ್ತಿದ್ದಳು.

ಬೆಟ್ಟದ ತುದಿಗೆ ಧೂಮಕನೆಂಬ ಮಾಂತ್ರಿಕ ಬಂದು ಕುಳಿತ. ಅವನ ಅಗ್ನಿಕುಂಡದ ಹೊಗೆ ಊರಿಗಿಳಿದು ಹಿರಿಯರ ನೆನಪನ್ನು ಹೀರುತ್ತಿತ್ತು. ಅದನ್ನುಂಡು ಅವನು ಹರೆಯದವನಾಗಿಯೇ ಉಳಿಯುತ್ತಿದ್ದ.

ಒಂದು ಬೆಳಿಗ್ಗೆ ಸಿದ್ದವ್ವ ಮಗನನ್ನು ನೋಡಿ, "ಯಾರಪ್ಪಾ ನೀನು? ಬಾ, ರೊಟ್ಟಿ ತಿಂದು ಹೋಗು," ಎಂದಳು.

ಬೊಮ್ಮಣ್ಣ ರೊಟ್ಟಿಯನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಳಿತ. ಆಗ ಗೋಡೆಯ ಸಂದಿನಲ್ಲಿ ಗೂಡು ಕಟ್ಟಿದ್ದ ಪುಟ್ಟ ನಸರಿಜೇನು ಮಾತಾಡಿತು. "ಹೊಗೆ ಒಯ್ದದ್ದನ್ನು ಹೊಗೆ ಮುಟ್ಟದ ಜೇನೇ ತರಬೇಕು. ನನ್ನ ಗೂಡಿನ ಅಂಟು, ಪೊಟರೆಯ ತುಡುವೆಜೇನಿನ ಪರಾಗ, ಹೆಜ್ಜೇನಿನ ತುಪ್ಪ, ಮೂರೂ ಸೇರಬೇಕು. ಬೆಂಕಿಯಿಲ್ಲದೆ ಕೈ ಹಾಕುತ್ತೀಯಾ?"

"ಹಾಕುತ್ತೇನೆ ತಾಯಿ."

ನಸರಿ ಅವನ ಕೂದಲು ಹೊಕ್ಕು ಕಚ್ಚಿತು. ಅವನು ಕದಲಲಿಲ್ಲ. ಅಂಟು ಸಿಕ್ಕಿತು.

ತುಡುವೆಯ ಪೊಟರೆಗೆ ಕರಡಿಯೊಂದು ಕಾವಲಿತ್ತು. "ಬೆಂಕಿಯಿಲ್ಲದೆ ಬಂದೆಯಾ? ನನಗಿಂತ ದಡ್ಡ ಒಬ್ಬ ಸಿಕ್ಕಿದನಪ್ಪ," ಎಂದು ನಕ್ಕು ದಾರಿ ಬಿಟ್ಟಿತು. ಹುಳು ಕಚ್ಚಿ ಬೊಮ್ಮಣ್ಣನ ಕೈ ಊದಿತು. ಪರಾಗ ಸಿಕ್ಕಿತು.

ಹೆಜ್ಜೇನು ಬಂಡೆಯಲ್ಲಿ ಹಗ್ಗಕ್ಕೆ ಜೋತಾಡುವಾಗ ಮೇಲಿನಿಂದ ಧೂಮಕ ಬಗ್ಗಿದ. "ಯಾಕೋ ತಮ್ಮಾ ಸಾಯ್ತೀಯ? ಈ ಒಣಹುಲ್ಲಿನ ಸೂಡಿ ಹಚ್ಚಿಕೊ, ಹೊಗೆಗೆ ಹುಳು ಓಡ್ತಾವೆ."

"ನಮ್ಮವ್ವ ನನ್ನನ್ನು ಯಾರೆಂದು ಕೇಳಿದಳು. ಅದಕ್ಕಿಂತ ಉರಿಯುವ ಕೊಂಡಿ ಇವಕ್ಕಿಲ್ಲ," ಎಂದು ಬೊಮ್ಮಣ್ಣ ಸೂಡಿಯನ್ನು ಕಣಿವೆಗೆ ಎಸೆದ. ಮುಖವೆಲ್ಲ ಕಚ್ಚಿಸಿಕೊಂಡು ಅರ್ಧ ಜೇನುಹುಟ್ಟು ಕೊಯ್ದ, ಅರ್ಧ ಬಿಟ್ಟ.

ಅದನ್ನು ಕಂಡ ಹೆಜ್ಜೇನುಗಳು ಒಟ್ಟಾಗಿ ಎದ್ದು ರೆಕ್ಕೆ ಬೀಸಿ ಅಗ್ನಿಕುಂಡ ಆರಿಸಿದವು. ಧೂಮಕ ನಿಂತಲ್ಲೇ ಹಣ್ಣು ಮುದುಕನಾದ. ಮಂತ್ರ ಮರೆತ, ಹೆಸರೂ ಮರೆತ.

ಬೊಮ್ಮಣ್ಣನ ಊದಿದ ಮುಖ ಕಂಡು ಊರವರಾರಿಗೂ ಗುರುತು ಹತ್ತಲಿಲ್ಲ. ಸಿದ್ದವ್ವ ಮೂರೂ ಬೆರೆಸಿದ ಜೇನನ್ನು ನೆಕ್ಕಿದಳು. ಅವನ ಊದಿದ ಕೈಯನ್ನು ಹಿಡಿದು ನೋಡಿದಳು.

"ಹುಳುಗಳಿಗೆ ಅರ್ಧ ಬಿಟ್ಟು ಬಂದೆಯೇನೋ, ಬೊಮ್ಮಣ್ಣಾ?"

"ಬಿಟ್ಟೆನವ್ವಾ."

ಅವಳು ಎದ್ದು ಅವನನ್ನು ಹೊಸ್ತಿಲಿಗೆ ಕರೆತಂದಳು. "ನೋಡ್ರಪ್ಪಾ, ಹೊಗೆಯಿಲ್ಲದೆ ಹೆಜ್ಜೇನು ಕೊಯ್ದವನು. ಇವನು ನನ್ನ ಮಗ."

ಉಳಿದ ಜೇನು ಊರ ಹಿರಿಯರಿಗೆಲ್ಲ ಹಂಚಿಹೋಯಿತು. ಮನೆಮನೆಯಲ್ಲಿ ಮಕ್ಕಳನ್ನು ಹೆಸರು ಹಿಡಿದು ಕರೆದರು. ತಾನಾರೆಂದು ತಿಳಿಯದ ಮುದುಕನೊಬ್ಬ ಬೆಟ್ಟವಿಳಿದು ಬಂದಾಗ ಸಿದ್ದವ್ವ ಅವನಿಗೂ ರೊಟ್ಟಿ ಕೊಟ್ಟಳು. ದೇವರ ದಯದಿಂದ ಹೊಂಬಂಡೆಯಲ್ಲಿ ಅಂದಿನಿಂದ ಎಲ್ಲರೂ ಒಬ್ಬರನ್ನೊಬ್ಬರು ಗುರುತು ಹಿಡಿದು ನೆಮ್ಮದಿಯಾಗಿ ಬಾಳಿದರು.