ಬಾಯಾರಿದ ಮೇಲೆ ಅರಳಿದ ಕಾಗದದ ಹೂವು

ಇವನು ಹುಡುಗಿ ನೋಡೋಕೆ ಬಂದಾನೋ, ಗಿಡ ನೋಡೋಕೋ!

ಕಿಟಕಿಯ ಹಿಂದೆ ನಿಂತ ಆದೆಮ್ಮನ ಮೈ ಉರಿಯಿತು. ಸಿಂಧನೂರಲ್ಲಿ ಹನ್ನೆರಡು ಎಕರೆ ಕಾಲುವೆ ಗದ್ದೆಯಿದ್ದ ಮನೆಯ ಒಬ್ಬಳೇ ಮಗಳು ಅವಳು. ಬಂದವನು ಗ್ಯಾನಪ್ಪ, ಹಟ್ಟಿಯ ಚಿನ್ನದ ಗಣಿ ಕಂಪನಿ ಬಂಗಲೆಗಳ ಮಾಲಿ. ಮಾಲಿಯಂತೆ ಮಾಲಿ!

ಅಂಗಳದ ಕಾಗದದ ಹೂವಿನ ಗಿಡದ ಎಲೆಯೊಂದನ್ನು ಅವನು ಮೆಲ್ಲಗೆ ಹಿಡಿದಿದ್ದ. ಆದೆಮ್ಮ ಚಹಾ ತಂದರೂ ಅವಳ ಮುಖವನ್ನೂ ನೋಡಲಿಲ್ಲ.

"ಇದಕ್ಕ ನೀರು ಯಾರು ಹಾಕ್ತಾರ್ರೀ?"

"ನಾನ ಹಾಕ್ತೀನಿ. ದಿನಾ ಎರಡು ಕೊಡ."

"ಹಾಕಬ್ಯಾಡ್ರಿ. ನೀರು ಹೆಚ್ಚಾದ್ರ ಬರೇ ಎಲಿ ಬಿಡತೈತಿ. ಬಾಯಾರಿದ್ರ ಅರಳತೈತಿ."

ಮೂರು ವರ್ಷದಿಂದ ಒಂದೂ ಹೂ ಬಿಡದ ಗಿಡ. ಓಣಿಯೆಲ್ಲ ನಗುತ್ತಿತ್ತು. ಈಗ ಇವನೂ...!

"ನೀರು ಕಾಣದ ಊರವರು ನಮಗ ನೀರಿನ ಪಾಠ ಹೇಳ್ತೀರೇನು? ಹೆಂಡ್ತೀನೂ ಹಿಂಗ ಬಾಯಾರಿಸಿ ಸಾಕ್ತೀರೇನು?"

ಗ್ಯಾನಪ್ಪ ಕಪ್ಪು ಕೆಳಗಿಟ್ಟು ಹೊರಟುಹೋದ. ಅಂದೇ ಆದೆಮ್ಮ ಗಿಡಕ್ಕೆ ನಾಲ್ಕು ಕೊಡ ಸುರಿದಳು. ಹಠಕ್ಕೆ! ಗಿಡ ಅವಳ ಸೊಕ್ಕಿನಷ್ಟೇ ದಟ್ಟವಾಗಿ ಎಲೆ ಬಿಟ್ಟಿತು. ಆದರೆ ಆ ಎಲೆ ಹಿಡಿದ ಬೆರಳುಗಳು ನೆನಪಾಗುತ್ತಲೇ ಇದ್ದವು. ನೆನಪಾದಾಗಲೆಲ್ಲ ಇನ್ನಷ್ಟು ಬೈದಳು.

ಆ ವರ್ಷ, ಎಂಬತ್ತೆಂಟರ ಬೇಸಿಗೆಗೆ, ಕಾಲುವೆ ಬಂದ್ ಆಯಿತು.

"ಕುಡಿಯಾಕ ನೀರಿಲ್ಲ, ನಿನ್ನ ಗಿಡಕ್ಕ ಎಲ್ಲಿಂದ ತರ್ಲಿ?" ಎಂದು ತಾಯಿ ಕನಕಮ್ಮ ಕೊಡ ಕಿತ್ತಿಟ್ಟಳು.

ಎಲೆ ಉದುರಿದವು. "ಆ ಮಾಲೀ ಕಣ್ಣು ತಾಗೈತಿ!" ಎಂದು ಆದೆಮ್ಮ ಅತ್ತಳು.

ಮೂರನೇ ವಾರ, ಬೆಳಿಗ್ಗೆ ಬಾಗಿಲು ತೆರೆದರೆ... ಬರಿ ಕೊಂಬೆಗಳ ತುಂಬ ಕೆಂಪು ಹೂವು!

ಅವಳು ಅಲ್ಲೇ ಕುಸಿದು ಕೂತಳು. ಖುಷಿಗಲ್ಲ, ನಾಚಿಕೆಗೆ. ಅವನು ಹಂಗಿಸಿರಲಿಲ್ಲ. ಅವಳೇ ಅವನನ್ನು ಕಾಲಕಸ ಮಾಡಿದ್ದಳು.

"ಆ ಮಾಲಿಗೆ ಮಸ್ಕಿ ಹುಡುಗಿ ಗೊತ್ತು ಮಾಡ್ಯಾರಂತ. ಸೋಮವಾರ ಹೂವು ಮುಡಿಸ್ತಾರ," ಎಂದಳು ಕನಕಮ್ಮ.

ಸೋಮವಾರಕ್ಕೆ ಮೊದಲೇ, ಒಂದು ಗೊಂಚಲು ಮುರಿದುಕೊಂಡು ಆದೆಮ್ಮ ಲಿಂಗಸುಗೂರಿನ ಬಸ್ಸು ಹತ್ತಿದಳು. ಅಲ್ಲಿಂದ ಹಟ್ಟಿ.

ಗ್ಯಾನಪ್ಪ ಬಂಗಲೆಯ ಬೇಲಿಗಿಡ ಕತ್ತರಿಸುತ್ತಿದ್ದ. ಓರೆಗಣ್ಣಲ್ಲಿ ಕಂಡರೂ ತಲೆ ಎತ್ತಲಿಲ್ಲ.

"ಕಾಲುವಿ ಮಂದಿಗೆ ಮಾಲಿ ಹತ್ರ ಏನು ಕೆಲಸ?"

"ಗಿಡ ಅರಳೈತ್ರಿ..." ಗೊಂಚಲು ಮುಂದೆ ಹಿಡಿದಳು.

"ಕಾಲುವಿ ಬಂದ್ ಆಗಿರಬೇಕು. ನೀವಾಗಿ ನೀರು ನಿಲ್ಲಸೋವರಲ್ಲ."

ಚುಚ್ಚಿತು. ಚುಚ್ಚಲಿ, ಅವಳಿಗೆ ಬೇಕಾಗಿದ್ದೇ ಅದು!

"ಸೊಕ್ಕು ನಂದು, ತಪ್ಪೂ ನಂದು. ಆದ್ರ ಅವತ್ತು ನನ್ನ ಮಾರಿ ಯಾಕ ನೋಡ್ಲಿಲ್ಲ?"

ಕತ್ತರಿ ನಿಂತಿತು.

"ನೋಡಿದ್ರ ಕೈ ನಡಗತಿತ್ತು. ಅದಕ್ಕ ಎಲಿ ಹಿಡಕೊಂಡು ನಿಂತಿದ್ದೆ."

ಆದೆಮ್ಮನ ಕಣ್ಣು ತುಂಬಿದವು. "ನೀವಂದ್ರ ನನಗ ಇಷ್ಟರಿ. ಮಸ್ಕಿಯವರು...?"

"ಹೂವು ಮುಡಸಾಕ ಬರಂಗಿಲ್ಲ ಅಂತ ಇವತ್ತ ಹೇಳಿ ಕಳಸ್ತೀನಿ."

"ನನ್ನೂ ಬಾಯಾರಿಸಿ ಸಾಕ್ತೀರೇನು?"

ಅವನು ಮೊದಲ ಸಲ ಅವಳ ಮುಖವನ್ನು ಪೂರ್ತಿ ನೋಡಿದ. ಅವಳ ಕೈಯ ಗೊಂಚಲು ತೆಗೆದುಕೊಂಡ.

"ಗಿಡಕ್ಕಷ್ಟ ಹಂಗ. ನಿನಗ ದಿನಾ ಎರಡು ಕೊಡ."