ಚರಂಡಿಯಲ್ಲಿ ಸಿಕ್ಕಿಕೊಂಡ ಕೈ

ಗ್ಲೆನಿಸ್‌ಗೆ ಅವನನ್ನು ನೋಡಿದರೇ ಹೇಸಿಗೆ. ಬರ್ನಿ ಎಂಬ ಊರಿನಾಚೆಯ ರಸ್ತೆಬದಿಯ ಚರಂಡಿಯ ಹೂಳೆತ್ತಲು ಅವಳು ಮಣ್ಣು ತೋಡುವ ಡಿಗ್ಗರ್ ಯಂತ್ರ ತಂದ ದಿನ ಡರ್ಮಟ್ ಆ ಚರಂಡಿಯೊಳಗೇ ಕಾಲು ಚಾಚಿ ಕೂತಿದ್ದ. ಗಡ್ಡದ ತುಂಬ ಕೆಸರು. ಸಗಣಿ ತೇಲುವ ನೀರಲ್ಲೇ ಕೈ ತೊಳೆದು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

ಅಲ್ಲಲ್ಲಿ ಮಣ್ಣುಂಡೆ ಪೇರಿಸಿದಂತೆ ಎದ್ದಿದ್ದ ಪುಟ್ಟ ಗೋಪುರಗಳನ್ನು ಅವನು ತೋರಿಸಿದ. ಒಂದೊಂದರ ಕೆಳಗೂ ಬಿಲ, ಬಿಲದಲ್ಲಿ ಸೀಗಡಿಯಂಥ, ಹೆಬ್ಬೆರಳುದ್ದದ ಕ್ರೇಫಿಶ್. ಲೋಕದಲ್ಲಿ ಬೇರೆಲ್ಲೂ ಇಲ್ಲ, ಈ ಸುತ್ತಿನ ಕೆಲವು ಹಳ್ಳಗಳಲ್ಲಿ ಮಾತ್ರ. ಎಣಿಸಿ ನಕ್ಷೆಯಲ್ಲಿ ಗುರುತು ಹಾಕುವವರೆಗೆ ತಡೆಯಿರಿ ಎಂದು ಕೇಳಿದ. ಮಳೆ ಹಿಡಿದರೆ ಎದುರುಮನೆಯ ಮರ್ಲ್ ಅಜ್ಜಿಯ ಅಡುಗೆಮನೆಗೆ ಇದೇ ಹೊಲಸು ನುಗ್ಗುತ್ತದೆ ಎಂದು ಅವಳು ರೇಗಿದಳು.

"ಮೂರು ದಿನ ಕೊಡಿ ಸಾಕು," ಎಂದ. ಅವನ ಕಣ್ಣುಗಳು ಮಾತ್ರ ಸ್ವಚ್ಛವಾಗಿದ್ದವು. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಗೊಣಗುತ್ತಲೇ ಒಪ್ಪಿ, ದಿನವೂ ಬಂದು ನೋಡಿದಳು, ಮೂಗು ಮುಚ್ಚಿಕೊಂಡೇ. ಸತ್ತ ಪಾಸಮ್ ಪ್ರಾಣಿಯ ಹಾಗೆ ನಾರುತ್ತೀಯ ಎಂದಳು. ಅವನು ನಕ್ಕು, ತನ್ನ ವಾಸನೆ ಅವಳತ್ತ ಬೀಸದಂತೆ ಇನ್ನೊಂದು ಬದಿಗೆ ಸರಿದು ಕೂತ.

ಮೂರನೆಯ ದಿನ ಮಳೆ ಹಿಡಿಯಿತು. ಅವಳು ಬಂದಾಗ ಡರ್ಮಟ್ ಕೆಸರಿಗೆ ಕೆನ್ನೆಯೊತ್ತಿ ಮಲಗಿದ್ದ. ಬಿಲದೊಳಗೆ ಭುಜದವರೆಗೆ ಇಳಿಸಿದ್ದ ಕೈ ಬೇರುಗಳಲ್ಲಿ ಸಿಕ್ಕಿಕೊಂಡಿತ್ತು. ನೀರು ಗಡ್ಡ ಮುಟ್ಟಿತ್ತು. ಡಿಗ್ಗರ್ ಇಳಿಸಿದರೆ ಕೈ ಮುರಿಯುತ್ತದೆ.

ಅವಳು ಪಕ್ಕದಲ್ಲೇ ಬೋರಲು ಮಲಗಿ ಬರಿಗೈಯಲ್ಲಿ ತೋಡಿದಳು. ಲೋಳೆ, ಕೊಳೆತ ಎಲೆ, ಸಗಣಿ. ಎರಡು ಸಲ ಓಕರಿಕೆ ಬಂತು.

"ಎಣಿಕೆ ನಿನ್ನೇನೇ ಮುಗೀತು," ಎಂದ ಅವನು. "ಇವತ್ತು ನೀವು ಬರ್ತೀರ ಅಂತ ಕಾಯ್ತಿದ್ದೆ."

"ಮತ್ತೆ ಕೈ ಯಾಕೆ ಹಾಕ್ದೆ?"

"ಸುಮ್ನೆ ಕೂತಿದ್ರೆ ಪೆದ್ದನ ಥರ ಕಾಣ್ತೀನಿ ಅನ್ನಿಸ್ತು."

"ಈಗ ಹೇಗೆ ಕಾಣ್ತಿದೀಯ ಗೊತ್ತಾ? ಬಾಯಿ ಮುಚ್ಚು, ಹೊಲಸು ಒಳಗೆ ಹೋಗುತ್ತೆ."

ಬೇರು ಕಿತ್ತುಬಂತು. ಹೊರಬಂದ ಅವನ ಅಂಗೈಯಲ್ಲಿ ಒಂದು ತಾಯಿ ಕ್ರೇಫಿಶ್. ಬಾಲದಡಿ ಅಕ್ಕಿಕಾಳಿನಷ್ಟು ಪುಟ್ಟ ಮರಿಗಳು ಅಂಟಿಕೊಂಡು ಮಿಸುಕುತ್ತಿದ್ದವು. ಗ್ಲೆನಿಸ್‌ಗೆ ಮೈ ಜುಮ್ಮೆಂದಿತು. ಆದರೂ ಅದನ್ನು ಬೊಗಸೆಯಲ್ಲಿ ತೆಗೆದುಕೊಂಡು ಪಕ್ಕದ ಬಿಲದ ಬಾಯಿಗೆ ಬಿಟ್ಟಳು.

ಆಮೇಲೆ ಡಿಗ್ಗರ್ ಹತ್ತಿ, ಗೋಪುರಗಳಿಗೆ ತಾಗದಂತೆ ಅವುಗಳ ಮೇಲ್ಬದಿಯಲ್ಲೇ ಹೊಸ ಕಾಲುವೆ ತೋಡಿ, ಉಕ್ಕುವ ನೀರನ್ನು ಹೊಳೆಗೆ ತಿರುಗಿಸಿದಳು. ಅಜ್ಜಿಯ ಅಡುಗೆಮನೆ ಒಣಗಿಯೇ ಉಳಿಯಿತು.

ಕೆಳಗಿಳಿದಾಗ ಅವನು ಅಲ್ಲೇ ನಿಂತಿದ್ದ, ತಲೆಯಿಂದ ಕಾಲಿನವರೆಗೆ ತೊಟ್ಟಿಕ್ಕುತ್ತ. ಅವನ ಗಡ್ಡ ಹಿಡಿದು ಬಾಯಿಗೆ ಮುತ್ತಿಟ್ಟಳು.

"ಥೂ," ಎಂದು ಕೆಸರು ಉಗುಳಿ, ಮತ್ತೊಮ್ಮೆ ಮುತ್ತಿಟ್ಟಳು.