ಸನ್ನಡತೆಯ ಗಂಡ

ಶಿವಲೀಲಾ ತೀರಿಕೊಂಡಳೆಂದು ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದಾಗ ಅವಳ ಗಂಡ ಸಿದ್ದಲಿಂಗೇಶ ಬೆಂಚಿನಿಂದ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತ. ಅಳುವುದಕ್ಕೂ ಅಪ್ಪಣೆ ಬೇಕೆಂಬಂತೆ ನಿಂತೇ ಇದ್ದ.

ಅದು ಜೈಲು ಕಲಿಸಿದ ನಿಲುವು. ಮದುವೆಯಾಗಿ ವರ್ಷ ತುಂಬುವ ಮೊದಲೇ, ಕಾಲುವೆ ನೀರಿನ ಪಾಳಿಯ ಜಗಳದಲ್ಲಿ, ಅವನ ಸಲಿಕೆಯ ಏಟಿಗೆ ಒಬ್ಬನ ಜೀವ ಹೋಗಿತ್ತು. ಬಳ್ಳಾರಿ ಜೈಲಿಗೆ ನೋಡಲು ಬಂದ ಶಿವಲೀಲಾ ಜಾಲರಿಯಾಚೆಯಿಂದ ಅಂದಿದ್ದಳು:

"ಯಾರು ಏನರ ಅನ್ಲಿ, ತಿರುಗಿ ಮಾತಾಡಬ್ಯಾಡ್ರಿ. ನಡತಿ ಛಲೋ ಇದ್ರ ಶಿಕ್ಷಾ ಕಡಿಮಿ ಮಾಡ್ತಾರಂತ."

ಅವನು ಆ ಮಾತು ನಡೆಸಿಕೊಟ್ಟ. ಬೈದರೂ ಬಾಯಿ ತೆರೆಯಲಿಲ್ಲ. ಸನ್ನಡತೆಯ ಕೈದಿಯೆಂದು ಸರಕಾರ ಅವಧಿಗೆ ಮುಂಚೆಯೇ ಬಿಟ್ಟಿತು.

ಆದರೆ ಆನೆಗೊಂದಿಯ ಮನೆಗೆ ಬಂದವನು ಆ ನಡತೆಯನ್ನು ಹೊಸ್ತಿಲಾಚೆ ಬಿಡಲಿಲ್ಲ. ಅವಳು ಒಳಗೆ ಬಂದರೆ ಎದ್ದು ನಿಲ್ಲುವನು. ಬಡಿಸಿದಷ್ಟನ್ನೇ ಉಣ್ಣುವನು. ಬಾಳೆನಾರು ಹೊಸೆಯುತ್ತ ಅವಳು ಓರೆಗಣ್ಣಿನಲ್ಲಿ ನೋಡಿದರೆ ಅವನ ಕಣ್ಣು ನೆಲಕ್ಕೆ.

"ಏನ್ರಿ, ನಾ ಏನು ಜೈಲರ್ ಅದೀನಿ?"

"ಇಲ್ಲ."

"ಹಂಗಾದ್ರ ಕುಂದರ್ರಿ. ಪಲ್ಯಾಕ್ಕ ಬೇಕಂತ ಉಪ್ಪು ಹಾಕಿಲ್ಲ. ಬೈರಿ, ನೋಡೋಣು."

"ಛಲೋ ಐತಿ."

ಅವಳು ನಕ್ಕಳು. ನಕ್ಕು, ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಒಂದೇ ಚಾಪೆಯ ಮೇಲೆ ಮಲಗಿದರೂ ಅವನು ಇನ್ನೂ ಜಾಲರಿಯಾಚೆಗೇ ಇದ್ದ. ಹಾಗಿರಲು ಕಲಿಸಿದವಳು ತಾನೇ ಎಂಬುದು ಅವಳಿಗೆ ಗೊತ್ತಿತ್ತು.

ಎದೆಯಲ್ಲಿ ಗಂಟಾದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ತಿಳಿದ ದಿನ ಸಿದ್ದಲಿಂಗೇಶ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದ.

"ಯಾಕ ಹೇಳ್ಲಿಲ್ಲ? ನಾ ಏನು ಸತ್ತು ಹೋಗಿದ್ನೇನು? ಇಷ್ಟು ಮೊಂಡತನ ಯಾರು ಕಲಿಸ್ಯಾರ ನಿನಗ?"

ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಕೂಗಿ ತಾನೇ ಬೆಚ್ಚಿ, ಕೈಕಟ್ಟಿಕೊಳ್ಳಹೋದ. ಶಿವಲೀಲಾ ಆ ಕೈಯನ್ನು ಹಿಡಿದುಕೊಂಡಳು. ಮುಖದ ತುಂಬ ಮದುವಣಗಿತ್ತಿಯ ನಾಚಿಕೆ.

"ಇವತ್ತ ಬಂದ್ರಿ ನೋಡ್ರಿ ಮನಿಗೆ."

ಆಮೇಲೆ ಅವರಿಗೆ ದಕ್ಕಿದ್ದು ಸ್ವಲ್ಪ ಕಾಲ. ಗುಳಿಗೆ ನುಂಗಲೊಲ್ಲೆ ಎಂದು ಅವಳು, ನುಂಗಲೇಬೇಕೆಂದು ಅವನು, ದಿನವೂ ಜಗಳ. ಜಗಳ ಮುಗಿದರೆ ಅವನ ತೊಡೆಯ ಮೇಲೆ ಅವಳ ತಲೆ.

ಮಣ್ಣು ಕೊಟ್ಟ ಸಂಜೆ, ಬಂದವರೆಲ್ಲ ಹೋದ ಮೇಲೆ, ಅವನೊಬ್ಬನೇ ಸಮಾಧಿಯ ಬಳಿ ಕುಳಿತ. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಹಸಿಮಣ್ಣಿನ ಮೇಲೆ ವಿಭೂತಿ ಇಟ್ಟು ಕಣ್ಣು ಮುಚ್ಚಿದ.

"ಶಿವಪ್ಪಾ, ನನ್ನ ಸಲುವಾಗಿ ಈಕಿ ಭಾಳ ಕಾದಾಳ. ನಿನ್ನ ಬಾಗಲದಾಗೂ ಕಾಯಿಸಬ್ಯಾಡ. ಒಳಗ ಕರಕೊಂಡು ಶಾಂತಿ ಕೊಡು, ತಂದಿ."